ಜೋಡಿದಾರರ ಸರ್

ಮಕ್ಕಳೊಡನೆ ಮಾತಾಡುವಾಗ ಅವರು ನಿಂತಿರುತ್ತಿರಲಿಲ್ಲ. ಎತ್ತರದ ಆಳು. ಮೈದಾನದ ಈ ತುದಿಯಿಂದ ಕೂಗಿದರೆ ಆಚೆ ಮಗ್ಗದ ಓಣಿಯವರೆಗೂ ಕೇಳಿಸುವ ಗಂಟಲು. ಆದರೆ ಹುಡುಗನೊಬ್ಬ ಏನೋ ಹೇಳಲು ಬಂದನೆಂದರೆ ಅಲ್ಲೇ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕತ್ತೆತ್ತಿ ಅವನ ಮುಖ ನೋಡುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೂ ಈ ರೂಢಿ ಬಿಡಲಿಲ್ಲ. ಏಳುವಾಗ ಮಾತ್ರ ಆ ಹುಡುಗನ ಹೆಗಲನ್ನೇ ಹಿಡಿದು ಏಳುತ್ತಿದ್ದರು.

ಹೋದ ಶ್ರಾವಣದಲ್ಲಿ ತಿಮ್ಮಾಪುರದ ಹತ್ತಿರ ತಮ್ಮ ಹಳ್ಳಿಯಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದ ದಿನ ನಮ್ಮ ಸಾಲಿಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊಗಳು ಬರತೊಡಗಿದವು. ಕಬಡ್ಡಿ ತಂಡದ ನಡುವೆ, ಸ್ವಾತಂತ್ರ್ಯ ದಿನದ ಕವಾಯತಿನ ಮುಂದೆ, ಪ್ರವಾಸದ ಬಸ್ಸಿನ ಬಾಗಿಲಲ್ಲಿ. ನಾನು ಒಂದಕ್ಕೂ ಏನೂ ಬರೆಯಲಿಲ್ಲ. ಅವರನ್ನು ನೆನೆದಾಗ ಬೇರೆಯವರಿಗೆ ಪ್ರೀತಿ ಬರುತ್ತದೆ, ಗೌರವ ಬರುತ್ತದೆ. ನನಗೂ ಬರುತ್ತದೆ. ಆದರೆ ಅದಕ್ಕಿಂತ ಮೊದಲು ಮುಖ ಬಿಸಿಯಾಗುತ್ತದೆ. ಅವರು ಹೊಳೆಯಿಂದ ಎದ್ದು ಬಂದ ಆ ಸಂಜೆ ಕಣ್ಣ ಮುಂದೆ ನಿಲ್ಲುತ್ತದೆ.

ರಬಕವಿಯ ನಮ್ಮ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಅವರು ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದರು. ಮಕ್ಕಳಿಗೆ ಪಿ.ಟಿ. ಸರ್. ತೆಳ್ಳಗೆ, ಉದ್ದಕ್ಕೆ ಇದ್ದು ಓಡುವುದರಲ್ಲಿ ಹುಡುಗರನ್ನೇ ಮೀರಿಸುತ್ತಿದ್ದುದರಿಂದ, ಊರು ಬೇರೆ ಮುಧೋಳದ ಹತ್ತಿರದ ತಿಮ್ಮಾಪುರದ ಕಡೆಯದಾದ್ದರಿಂದ, ತುಂಟರು ಹಿಂದಿನಿಂದ ಮುಧೋಳ ನಾಯಿ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಒಮ್ಮೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, ಹೆಸರೇನೋ ಛಲೋ ಇಟ್ಟಾರೆ, ಆದರೆ ಆ ನಾಯಿಗೆ ಇರುವಷ್ಟು ಕಣ್ಣು ನನಗಿಲ್ಲ ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಕಣ್ಣಿಲ್ಲ ಎಂದು ಅವರು ಹೇಳಿದ್ದಕ್ಕೆ ಕಾರಣವಿತ್ತು. ಆ ವರ್ಷ ಎಂಟನೆಯ ತರಗತಿಯ ಒಬ್ಬ ಹುಡುಗ ಆಟದ ಪಿರಿಯಡ್ ಬಂದರೆ ಹೊಟ್ಟೆನೋವು ಎನ್ನುತ್ತಿದ್ದ. ಮೈಗಳ್ಳ ಎಂದುಕೊಂಡು ಸರ್ ಅವನನ್ನು ಮೈದಾನ ಸುತ್ತಿಸುತ್ತಿದ್ದರು. ಹುಡುಗ ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡು ಸುತ್ತುತ್ತಿದ್ದ. ವರ್ಷದ ಕೊನೆಗೆ ಅವನ ಪಕ್ಕ ಕೂರುವ ಹುಡುಗ ಬಂದು, ಸರ್, ಅವನ ಬೆನ್ನ ಮೇಲೆ ತೊನ್ನಿನ ಕಲೆ ಇವೆ, ಕಬಡ್ಡಿಗೆ ಅಂಗಿ ತೆಗೆಸುತ್ತೀರೆಂದು ಅಂಜಿಕೊಂಡಿದ್ದಾನೆ ಎಂದ. ಯಾವಾಗ ಗೊತ್ತಾಯಿತು ಎಂದು ಕೇಳಿದರೆ, ಸಾಲಿ ಶುರುವಾದ ವಾರವೇ ಎಂದ.

ಅವತ್ತು ಸ್ಟಾಫ್ ರೂಮಿನಲ್ಲಿ ಅವರು ತಲೆ ತಗ್ಗಿಸಿ ಕೂತಿದ್ದರು. ನಾನು ಏನಾಯಿತೆಂದು ವಿಚಾರಿಸಿದೆ.

"ಹುಡುಗರು ನಮಗ ಹೇಳೂದಿಲ್ರಿ ಅಕ್ಕಾರ," ಎಂದರು. "ಬಾಜೂಕ ಕುಂತವರಿಗೆ ಹೇಳತಾವ. ನಾವು ಬರೇ ಓಡಸ್ತೀವಿ."

ಮುಂದಿನ ಜೂನಿನಲ್ಲಿ ಅವರು ಹೊಸದೊಂದನ್ನು ಶುರು ಮಾಡಿದರು. ಕಷ್ಟ ಬಂದ ಹುಡುಗನ ಮಾತನ್ನು ಅವನ ವಾರಿಗೆಯ ಇನ್ನೊಬ್ಬ ಹುಡುಗ ಕೇಳುವುದು, ಕೈಲಾದ ಸಹಾಯ ಮಾಡುವುದು. ಇಷ್ಟೇ. ಇಲಾಖೆಯ ಕಾಗದಗಳಲ್ಲಿ ಇಂಥದಕ್ಕೆ ಬೇರೆ ಬೇರೆ ದೊಡ್ಡ ಹೆಸರುಗಳಿವೆ. ಅವರು ಜೋಡಿದಾರರು ಎಂದರು. ನಮ್ಮ ಕಡೆ ಯಾರಾದರೂ ಒಬ್ಬರೇ ಹೊರಟರೆ, ನಿನ್ನ ಜೋಡಿ ಯಾರು ಬರ್ತಾರ ಎಂದು ಕೇಳುತ್ತೇವಲ್ಲ, ಆ ಮಾತು.

ಜೋಡಿದಾರರನ್ನು ಆರಿಸುವುದು ಮಾಸ್ತರರ ಕೆಲಸವಲ್ಲ ಎಂಬುದು ಅವರ ಹಟ. ಪ್ರತಿ ಮಗುವನ್ನೂ ಬೇವಿನ ಗಿಡದ ಕೆಳಗೆ ಕರೆದು ಒಂದೇ ಪ್ರಶ್ನೆ ಕೇಳಿದರು: ನಿನಗೆ ಏನಾದರೂ ತ್ರಾಸಾದರೆ ಕ್ಲಾಸಿನಲ್ಲಿ ಯಾರಿಗೆ ಹೇಳುತ್ತಿ? ಬಂದ ಹೆಸರುಗಳನ್ನು ಕೇಳಿ ಹೆಡ್ ಮಾಸ್ತರರು ಬೇಸರಪಟ್ಟರು. ಮೊದಲ ರ‍್ಯಾಂಕಿನವರು ಒಬ್ಬರೂ ಇರಲಿಲ್ಲ. ಗಣಿತದಲ್ಲಿ ಎರಡು ಸಲ ಫೇಲಾದವನಿದ್ದ. ಮುಂಜಾನೆ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಮುಗಿಸಿ ದಿನಾ ತಡವಾಗಿ ಬರುವ ಹುಡುಗಿಯಿದ್ದಳು. ಬಹಳ ಮಕ್ಕಳು ಹೇಳಿದ ಇನ್ನೊಂದು ಹೆಸರು ವಿನಾಯಕ. ನನ್ನ ಮಗ. ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹುಡುಗ. ಅವನಿಗೆ ಇಷ್ಟು ಜನ ತಮ್ಮ ಗುಟ್ಟು ಹೇಳಬಲ್ಲರೇ ಎಂದು ನನಗೆ ಆಶ್ಚರ್ಯವಾಯಿತು. ಹೆಮ್ಮೆಯೂ ಆಯಿತು. ಸಂಜೆ ಅವನಿಗೆ ಶಿರಾ ಮಾಡಿಕೊಟ್ಟೆ.

ಶನಿವಾರ ಮುಂಜಾನೆಯ ಸಾಲಿ ಬಿಟ್ಟ ಮೇಲೆ ಕಲಿಕೆ. ಎದುರಿಗೆ ಕೂರಬೇಡ, ಪಕ್ಕದಲ್ಲಿ ಕೂರು. ಬುದ್ಧಿ ಹೇಳಬೇಡ. ನನಗೂ ಹಿಂಗ ಆಗಿತ್ತು ಎಂದು ನಿನ್ನ ಕಥೆ ತೆಗೆಯಬೇಡ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊ. ಈ ಕೊನೆಯದನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನಿನಗೆ ಹೇಳಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾದರೆ ನಾಳೆಯಿಂದ ಯಾರೂ ನಿನ್ನ ಹತ್ತಿರ ಬರುವುದಿಲ್ಲ ಎನ್ನುತ್ತಿದ್ದರು. ಮಕ್ಕಳು ಜೋಡಿಯಾಗಿ ಕೂತು ಅಭ್ಯಾಸ ಮಾಡುತ್ತಿದ್ದರು. ಒಬ್ಬರು ಹೇಳಬೇಕು, ಇನ್ನೊಬ್ಬರು ಬಾಯಿ ಬಿಡದೆ ಕೇಳಬೇಕು. ಮೊದಲ ವಾರ ಒಬ್ಬ ಕೇಳುತ್ತ ಕೇಳುತ್ತ ನಿದ್ದೆ ಹೋದ. ಸರ್ ಅವನನ್ನು ಎಬ್ಬಿಸಲಿಲ್ಲ. ಹೇಳುತ್ತಿದ್ದವನಿಗೆ, ಇರಲಿ ಬಿಡು, ಇಂವಂಗೂ ಏನೋ ತ್ರಾಸ ಐತಿ ಎಂದರು. ಇತ್ತು. ಅವನ ಮನೆಯಲ್ಲಿ ರಾತ್ರಿ ಪಾಳಿಯಲ್ಲೂ ಮಗ್ಗ ನಡೆಯುತ್ತಿತ್ತು.

ಕೆಲಸ ಹಿಡಿಯಿತು. ತೊನ್ನಿನ ಹುಡುಗ ಬನಿಯನ್ ಹಾಕಿಕೊಂಡು ಕಬಡ್ಡಿ ಆಡಿದ. ಅವನ ಜೋಡಿದಾರ ಇಡೀ ತಂಡಕ್ಕೆ ಬನಿಯನ್ ಹಾಕಿಸಿದ್ದ. ಹುಡುಗಿಯರು ತಮ್ಮೊಳಗೇ ಮಾತಾಡಿಕೊಂಡು, ಹೊರಗಾದವರಿಗೆ ಬೇಕಾದೀತೆಂದು ಸಾಲಿಯಲ್ಲಿ ಎರಡು ಲಂಗ ತಂದಿಟ್ಟರು. ಜಮಖಂಡಿ, ಬೀಳಗಿ ಕಡೆಯ ಸಾಲಿಗಳಿಂದ ಮಾಸ್ತರರು ನೋಡಲು ಬಂದರು. ಬಂದವರಿಗೆಲ್ಲ ಸರ್ ಕೇಳುತ್ತಿದ್ದುದು ಒಂದೇ: ನಿಮಗೆ ವರ್ಗವಾದರೆ ಇದನ್ನು ಯಾರು ನಡೆಸುತ್ತಾರೆ?

ಆ ಪ್ರಶ್ನೆ ಅವರನ್ನು ಯಾವಾಗಲೂ ಕಾಡುತ್ತಿತ್ತು. ಮೊದಲ ತಂಡದ ಜೋಡಿದಾರರನ್ನು ಹೊಳೆಯ ಬ್ಯಾರೇಜು ತೋರಿಸಲು ಚಿಕ್ಕಪಡಸಲಗಿಗೆ ಕರೆದುಕೊಂಡು ಹೋದಾಗ ನಾನೂ ಇದ್ದೆ. ಮಕ್ಕಳು ಬ್ಯಾರೇಜಿನ ಮೇಲೆ ನಿಂತು, ಇದನ್ನು ರೈತರೇ ಕಟ್ಟಿದ್ದು ಎಂದು ಪಾಠದಂತೆ ಒಪ್ಪಿಸಿದರು. ಸರ್ ಕೆಳಗಿನ ನೀರನ್ನೇ ನೋಡುತ್ತಿದ್ದರು. ಕಟ್ಟಿದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಪ್ರತಿ ವರ್ಷ ಬಂದು ಗೇಟು ಹಾಕುವವರು ಯಾರೆಂದು ಕೇಳಿಕೊಂಡು ಬರ್ರಿ ಎಂದು ಅವರನ್ನು ಅಟ್ಟಿದರು.

ಮಹಾಂತೇಶನ ಸಂಗತಿ ನಡೆದದ್ದು ಇದೆಲ್ಲ ಚೆನ್ನಾಗಿ ನಡೆದಿದ್ದಾಗ.

ಅವನು ಹತ್ತನೆಯ ತರಗತಿಯಲ್ಲಿದ್ದ. ನನ್ನ ವಿನಾಯಕನೂ ಅದೇ ಕ್ಲಾಸು, ಅವನ ಜೋಡಿದಾರ. ಮಹಾಂತೇಶನ ಅಪ್ಪ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಪವರ್‌ಲೂಮ್ ಕೆಲಸಕ್ಕಿದ್ದ. ಅವ್ವ ಇಲ್ಲಿ ಮನೆಯಲ್ಲೇ ಒಂದು ಕರೆಂಟಿನ ಮಗ್ಗ ನಡೆಸುತ್ತಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹುಡುಗ ಮೂರು ವಿಷಯಗಳಲ್ಲಿ ಬಿದ್ದಿದ್ದ. ಒಂದು ದಿನ ನಸುಕಿನಲ್ಲಿ ಸ್ಪೆಷಲ್ ಕ್ಲಾಸಿಗೆಂದು ಮನೆ ಬಿಟ್ಟವನು ಸಾಲಿಗೆ ಬರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹೊಳೆಯಲ್ಲಿ ಬಟ್ಟೆ ಒಗೆಯಲು ಹೋದ ಹೆಂಗಸರು ದಂಡೆಯ ಕಲ್ಲಿನ ಮೇಲೆ ಒಂದು ಪಾಟಿಚೀಲ ಕಂಡರು. ಒಳಗೆ ಅವನ ಪುಸ್ತಕಗಳಿದ್ದವು.

ಸುದ್ದಿ ಸಾಲಿಗೆ ಬಂದಾಗ ಸರ್ ಮೈದಾನದಿಂದಲೇ ಓಡಿದರು. ಹೆಡ್ ಮಾಸ್ತರರು ನನ್ನನ್ನು ಹುಡುಗನ ಅವ್ವನ ಜೊತೆ ಇರಲು ಕಳಿಸಿದರು. ಬ್ಯಾರೇಜಿನ ಗೇಟು ಹಾಕಿದ್ದರಿಂದ ಹೊಳೆ ದಂಡೆಯ ತನಕ ತುಂಬಿ ನಿಂತಿತ್ತು. ಮೀನುಗಾರರು ತೆಪ್ಪ ಇಳಿಸಿ ಗಾಳದಿಂದ ತಳ ಕೆದಕುತ್ತಿದ್ದರು. ಈಜು ಬರುವವರೆಲ್ಲ ನೀರಿಗಿಳಿದಿದ್ದರು. ಅವರ ನಡುವೆ ಸರ್. ಮುಳುಗುವುದು, ಏಳುವುದು, ಉಸಿರು ತೆಗೆದುಕೊಂಡು ಮತ್ತೆ ಮುಳುಗುವುದು. ಇಚಲಕರಂಜಿಗೆ ಫೋನು ಹೋಯಿತು. ಮಗ ಇಲ್ಲಿಗೆ ಬಂದಿಲ್ಲ ಎಂದು ಅಪ್ಪ ಅಂದ ಮೇಲೆ ಇನ್ನೂ ಎರಡು ತೆಪ್ಪ ನೀರಿಗಿಳಿದವು. ಹುಡುಗನ ಅವ್ವ ಕಲ್ಲಿನ ಮೇಲೆ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಅವಳು ಅಳುತ್ತಿರಲಿಲ್ಲ. ನಾನು ಅಳುತ್ತಿದ್ದೆ.

ಸಾಲಿ ಬಿಡುವ ಹೊತ್ತಿಗೆ ಜನರ ನಡುವಿನಿಂದ ನನ್ನ ಮಗ ಬರುವುದು ಕಂಡಿತು. ಹೆಗಲಲ್ಲಿ ಚೀಲ, ಇಸ್ತ್ರಿ ಮಾಡಿದ ಅಂಗಿ. ಅವನು ನನ್ನ ಮುಂದೆಯೇ ಹಾದುಹೋದ. ನನ್ನನ್ನು ನೋಡಿದ, ಆದರೆ ನಿಲ್ಲಲಿಲ್ಲ. ನೀರಿನ ಅಂಚಿಗೆ ಹೋಗಿ, ಸರ್ ತಲೆ ಮೇಲೆ ಬರುವವರೆಗೆ ಕಾದು, ಕೈಮಾಡಿ ಕರೆದ. ಅವರು ಬಂದರು. ಒದ್ದೆ ಚಡ್ಡಿಯಲ್ಲಿ, ನಡುಗುತ್ತ, ಕೆಸರಿನಲ್ಲೇ ಅವನ ಮುಂದೆ ಕೂತರು. ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ. ಸರ್ ಮುಖ ಮಾತ್ರ ಕಾಣಿಸುತ್ತಿತ್ತು. ಅದರಲ್ಲಿ ಮೊದಲು ಜೀವ ಬಂತು, ಆಮೇಲೆ ಎಲ್ಲವೂ ಇಳಿದುಹೋಯಿತು.

ಅವರು ಎದ್ದು ನೆಟ್ಟಗೆ ನಾವು ಕೂತಿದ್ದಲ್ಲಿಗೆ ಬಂದರು.

"ಯವ್ವಾ, ನಿನ್ನ ಮಗ ನೀರಾಗ ಇಲ್ಲ," ಎಂದರು. "ಬಸ್ ಹತ್ತಿ ಮಹಾರಾಷ್ಟ್ರಕ್ಕ ಹೋಗ್ಯಾನ. ಚೀಲ ತಾನ ಇಟ್ಟ ಹೋಗ್ಯಾನ. ನಮ್ಮ ಒಬ್ಬ ಹುಡುಗಗ ಇದು ಮುಂಜಾನಿಂದ ಗೊತ್ತಿತ್ತು. ಕೇಳಿದ್ದು ಯಾರ ಮುಂದೂ ಹೇಳಬ್ಯಾಡ ಅಂತ ನಾನ ಅವಂಗ ಕಲಿಸಿದ್ದೆ. ಅಂವ ಅದನ್ನ ಮಾಡ್ಯಾನ. ತಪ್ಪ ನಂದು."

ಗದ್ದಲ ಎದ್ದಿತು. ಮಹಾಂತೇಶನ ಸೋದರಮಾವ ಸರ್ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ನೂಕಿ, ಯಾವ ಹುಡುಗ ಅಂವ, ಹೆಸರು ಹೇಳು ಎಂದ. ಸರ್ ನೂಕಿಸಿಕೊಂಡರು, ಹೆಸರು ಹೇಳಲಿಲ್ಲ. ಎದ್ದು ನಿಂತು, ನನ್ನ ಮಗ ಎಂದು ನಾನೇ ಹೇಳಿದೆ. ಅಷ್ಟು ಜನರೂ ತಿರುಗಿ ನನ್ನನ್ನು ನೋಡಿದರು. ಮುಂಜಾನೆಯಿಂದ ಅವಳ ಕೈ ಹಿಡಿದು ಕೂತಿದ್ದ ನನ್ನ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಆ ತಾಯಿ ಬೈಯಲಿಲ್ಲ. ವಿನಾಯಕನನ್ನು ಹತ್ತಿರ ಕರೆದಳು.

"ಮುಂಜಾನಿಂದ ಗೊತ್ತಿತ್ತೇನೋ ತಮ್ಮಾ?" ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಚೀಲ ಎತ್ತಿಕೊಂಡು ಮನೆಯ ಕಡೆ ನಡೆದಳು.

ಮರುದಿನ ಮಧ್ಯಾಹ್ನ ಮಿರಜದ ಬಸ್ ನಿಲ್ದಾಣದಲ್ಲಿ ಮಹಾಂತೇಶ ಸಿಕ್ಕ. ಅಪ್ಪನ ಹತ್ತಿರ ಹೋಗಲು ಹೊರಟವನಿಗೆ ಅಪ್ಪನ ಎದುರಿಗೆ ನಿಲ್ಲಲು ಧೈರ್ಯ ಸಾಲದೆ ಅಲ್ಲೇ ಇಳಿದಿದ್ದ. ಸಾಲಿ ಸಾಕೆಂದು ಚೀಲ ಹೊಳೆಗೆ ಎಸೆಯಬೇಕೆಂದುಕೊಂಡಿದ್ದನಂತೆ. ಪುಸ್ತಕ ನೀರಿಗೆ ಹಾಕಲು ಮನಸ್ಸು ಬಾರದೆ ದಂಡೆಯ ಮೇಲಿಟ್ಟು ಹೋದನಂತೆ. ಚೀಲ ನೋಡಿ ಊರು ಏನು ತಿಳಿದುಕೊಳ್ಳುತ್ತದೆಂಬುದು ಅವನ ತಲೆಗೇ ಹೊಳೆದಿರಲಿಲ್ಲ.

ನಸುಕಿನಲ್ಲಿ ಬಸ್ ಹತ್ತುವ ಮೊದಲು, ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡು ಅವನು ಇದನ್ನೆಲ್ಲ ಹೇಳಿಹೋದಾಗ ನನ್ನ ಮಗನಿಗೂ ಹೊಳೆದಿರಲಿಲ್ಲ. ಮನೆಗೆ ಬಂದ ಮೇಲೆ ಅವನ ಹೆಗಲು ಹಿಡಿದು ಅಲುಗಿಸಿ, ಊರೆಲ್ಲ ಹೊಳೆಯಲ್ಲಿರುವಾಗ ಕ್ಲಾಸಿನಲ್ಲಿ ಹೇಗೆ ಕೂತಿದ್ದೆ ಎಂದು ಕೇಳಿದೆ. ಅಂವ ನದಿಯಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತಲ್ಲ, ಹುಡುಕಿ ಸಿಗದಿದ್ದರೆ ಅವರೇ ಎದ್ದು ಬರುತ್ತಾರೆ ಅಂದುಕೊಂಡೆ ಎಂದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾರೋ ಬಂದು, ಅವನ ಅವ್ವ ಕಲ್ಲಿನ ಹಾಗೆ ಕೂತಿದ್ದಾಳೆ ಎಂದಾಗ ಇವನಿಗೆ ಅನ್ನ ಇಳಿಯಲಿಲ್ಲವಂತೆ. ಮಾತು ಕೊಟ್ಟದ್ದನ್ನು ಮುರಿಯಬಹುದೋ ಬಾರದೋ ಎಂದು ಯಾರನ್ನು ಕೇಳಬೇಕು? ಕೇಳಿದರೆ ಮಾತು ಮುರಿದ ಹಾಗೆಯೇ. ಹದಿನೈದರ ಹುಡುಗ ಇದೊಂದನ್ನು ಹೊತ್ತುಕೊಂಡು ಕೊನೆಯ ಗಂಟೆಯ ತನಕ ಕೂತಿದ್ದ.

ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಅವರ ಅವ್ವನ ಕೈ ಹಿಡಕೊಂಡ ಅಳಾಕತ್ತಿದ್ದಿ," ಎಂದ. "ನಿನಗ ಹೆಂಗ ಹೇಳಲಿ?"

ಸಾಲಿ ನಡೆಸುವ ಸಂಸ್ಥೆಯವರು ಸಭೆ ಕರೆದು ಜೋಡಿದಾರರ ಕೆಲಸ ನಿಲ್ಲಿಸಿದರು. ಮಕ್ಕಳ ಕೈಯಲ್ಲಿ ಮಕ್ಕಳನ್ನು ಕೊಡುವುದು ಎಂಥ ಬುದ್ಧಿ ಎಂದು ಒಬ್ಬರು ಕೇಳಿದರು. ಸರ್ ಪರವಾಗಿ ನಾನು ಮಾತಾಡಬೇಕೆಂದು ಎದ್ದೆ, ಆದರೆ ನನ್ನನ್ನು ಕಂಡೊಡನೆ ಅಲ್ಲಿದ್ದವರಿಗೆ ನೆನಪಾಗುವುದು ನನ್ನ ಮಗನೇ ಅಲ್ಲವೇ. ಎರಡು ಮಾತು ತೊದಲಿ ಕೂತೆ.

ಆ ದಿನಗಳಲ್ಲಿ ನಾನು ಮಹಾಂತೇಶನ ಓಣಿಯನ್ನು ಬಿಟ್ಟು ಸುತ್ತಿ ಸಾಲಿಗೆ ಹೋಗುತ್ತಿದ್ದೆ. ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಹಿಂದೆ ಯಾರಾದರೂ ಪಿಸುಗುಟ್ಟಿದರೆ ನಮ್ಮದೇ ಮಾತು ಎನಿಸುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ವಿನಾಯಕನನ್ನು ಜಮಖಂಡಿಯ ಕಾಲೇಜಿಗೆ ಹಾಕಿ ಅಲ್ಲೇ ನನ್ನ ಅಣ್ಣನ ಮನೆಯಲ್ಲಿಡುವುದೆಂದು ಗೊತ್ತುಮಾಡಿದೆವು. ಓದಿಗೆ ಅನುಕೂಲ ಎಂದು ಎಲ್ಲರಿಗೂ ಹೇಳಿದೆವು. ಅವನು ಹ್ಞೂಂ ಎಂದ. ಮೊದಲೇ ಕಡಿಮೆ ಮಾತಿನವನು, ಈಗ ಅದನ್ನೂ ಬಿಟ್ಟಿದ್ದ.

ಒಂದು ಭಾನುವಾರ ಸರ್ ನಮ್ಮ ಮನೆಗೆ ಬಂದರು. ನನ್ನ ಯಜಮಾನರು ಕುರ್ಚಿ ಹಾಕಿದರೂ ಹೊಸ್ತಿಲಲ್ಲೇ ಕೂತು ವಿನಾಯಕನನ್ನು ಕರೆದರು. ನಿನಗೆ ನಾನು ಅರ್ಧ ಕಲಿಸಿದ್ದೆ, ಉಳಿದರ್ಧ ನನಗೇ ಗೊತ್ತಿರಲಿಲ್ಲ ಎಂದರು. ಆಮೇಲೆ, ಮಹಾಂತೇಶನ ಅವ್ವನ ಹತ್ತಿರ ಹೋಗುತ್ತಿದ್ದೇನೆ, ಬರುತ್ತೀಯಾ ಎಂದು ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಬೇಡ ಎನ್ನುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿದ್ದ. ನಾನೂ ಹಿಂದೆ ಹೋದೆ.

ಆ ಮನೆಯ ಮುಂಗೋಣೆಯಲ್ಲೇ ಮಗ್ಗ. ನಾವು ಬಾಗಿಲಲ್ಲಿ ನಿಂತೆವು. ಅವಳು ನಮ್ಮನ್ನು ನೋಡಿದಳು. ಮಗ್ಗ ನಿಲ್ಲಿಸಲಿಲ್ಲ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಸರ್ ಬಹಳ ಹೊತ್ತು ನಿಂತು, ಕೈಮುಗಿದು, ಹಿಂದಿರುಗಿದರು. ಮುಂದಿನ ಭಾನುವಾರ ಮತ್ತೆ ಹೊರಟರು. ಅವತ್ತೂ ಹಾಗೆಯೇ. ನನಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಓಣಿಯ ಕಟ್ಟೆಗಳ ಮೇಲಿನ ಜನ ನಮ್ಮನ್ನೇ ನೋಡುತ್ತಿದ್ದರು. ಸಾಕು ಬಿಡ್ರಿ ಸರ್, ಅವಳಿಗೆ ನಾವು ಬೇಕಾಗಿಲ್ಲ ಎಂದೆ. ಅವಳಿಗೆ ಬೇಕಾದಾಗ ನಾವು ಅಲ್ಲಿರಬೇಕು ಎಂದರು.

ಒಂದು ಭಾನುವಾರ ನಾವು ನಿಂತಿರುವಾಗ ಕರೆಂಟು ಹೋಯಿತು. ಮಗ್ಗ ನಿಂತಿತು. ಓಣಿಯ ಎಲ್ಲ ಮಗ್ಗಗಳೂ ನಿಂತು ಒಮ್ಮೆಲೇ ನಿಶ್ಶಬ್ದವಾಯಿತು. ಅವಳು ಕೈ ಒರೆಸಿಕೊಂಡಳು. ಆಮೇಲೆ ಸರ್ ಕಡೆ ತಿರುಗಿದಳು.

"ಸರ್, ನನ್ನ ಮಗ ಇವರ ಮಗಗ ಹೇಳ್ಯಾನ. ನನಗ ಯಾಕ ಹೇಳಲಿಲ್ಲ?"

ಅವಳ ಸಿಟ್ಟು ನನ್ನ ಮಗನ ಮೇಲೆ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ನನ್ನನ್ನು ತಿನ್ನುತ್ತಿದ್ದ ಪ್ರಶ್ನೆಯೇ ಅವಳನ್ನೂ ತಿನ್ನುತ್ತಿತ್ತು. ಅವಳಿಗೂ ನಮ್ಮೆದುರು ನಾಚಿಕೆ. ಅದಕ್ಕೇ ಮಗ್ಗದ ಸದ್ದಿನ ಹಿಂದೆ ಕೂತಿದ್ದಳು.

ಸರ್ ನೆಲದ ಮೇಲೆ ಕೂತರು. ಅವರು ತಮ್ಮ ಮನೆಯ ಸಂಗತಿ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರ ಮಗಳು ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ದಾರಿಯಲ್ಲಿ ಯಾರೋ ಪೀಡಿಸುತ್ತಿದ್ದರೆಂದು ಕ್ಲಾಸಿಗೆ ಹೋಗುವುದನ್ನೇ ಬಿಟ್ಟು, ಊಟ ಬಿಟ್ಟು, ತಿಂಗಳುಗಟ್ಟಲೆ ಕೋಣೆಯಲ್ಲಿ ಮಲಗಿದ್ದಳು. ಸರ್ ಆಗಾಗ ರೊಟ್ಟಿಯ ಗಂಟು ತೆಗೆದುಕೊಂಡು ಹೋದಾಗ ನಗುನಗುತ್ತ ಇಸಿದುಕೊಳ್ಳುತ್ತಿದ್ದಳು. ಕೊನೆಗೆ ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆಯೇ ಅವರಿಗೆ ತಿಳಿದದ್ದು. ಕೋಣೆಯ ಗೆಳತಿಯರಿಗೆ ಮೊದಲಿಂದ ಎಲ್ಲವೂ ಗೊತ್ತಿತ್ತು. ಈಗ ಹುಡುಗಿ ಗುಣವಾಗಿದ್ದಾಳೆ, ಬೀಳಗಿಯಲ್ಲಿ ಕೆಲಸಕ್ಕಿದ್ದಾಳೆ ಎಂದರು.

"ಯಾರಿಗೂ ಹೇಳಬ್ಯಾಡ್ರಿ ಅಂತ ನನ್ನ ಮಗಳು ಆಣಿ ಹಾಕಿದ್ಲಂತ," ಎಂದರು. "ಬಾಯಿ ಮುಚಗೊಂಡ ಕುಂತಿದ್ದಕ್ಕ ನಾ ಆ ಹುಡುಗ್ಯಾರನ್ನ ಬೈದ ಬಂದಿದ್ದೆ. ಆಮ್ಯಾಲ ಇಲ್ಲಿ ಬಂದು ಹುಡುಗರಿಗೆ ಅದನ್ನ ಕಲಿಸಿದೆ, ಯವ್ವಾ. ಬಾಯಿ ಮುಚಗೊಂಡ ಕುಂದ್ರೂದ. ಖರೆ ಹೇಳಬೇಕಂದ್ರ, ನನ್ನಷ್ಟು ಗೊತ್ತಿದ್ದವ ಯಾರೂ ಇರಲಿಲ್ಲ. ಗೊತ್ತಿದ್ದೂ ಮರೆತೆ."

ಕರೆಂಟು ಬಂತು. ಮಗ್ಗ ಶುರುವಾಯಿತು. ಅವಳು ಎದ್ದು ಹೋಗಿ ಅದನ್ನು ಬಂದ್ ಮಾಡಿ, ಒಳಗಿನಿಂದ ಮೂರು ಲೋಟ ಚಹಾ ತಂದಳು. ಮಹಾಂತೇಶ ಒಳಬಾಗಿಲ ಹಿಂದೆ ನಿಂತಿದ್ದ. ವಿನಾಯಕ ತನ್ನ ಲೋಟ ಎತ್ತಿಕೊಂಡು ಅವನ ಹತ್ತಿರ ಹೋದ. ಇಬ್ಬರೂ ಒಂದೇ ಲೋಟದಲ್ಲಿ ಕುಡಿದರು.

ಮುಂದಿನ ವರ್ಷ ಪಾಲಕರ ಸಭೆಯಲ್ಲಿ ಸರ್ ಎದ್ದು ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಜೋಡಿದಾರರನ್ನು ಮತ್ತೆ ಶುರು ಮಾಡಲು ಅಪ್ಪಣೆ ಕೇಳಿದರು. ಈ ಸಲ ಬೇರೆ ರೀತಿ ಎಂದರು. ಕೇಳುವ ಹುಡುಗ ಮೊದಲೇ ಹೇಳಿಬಿಡಬೇಕು: ನೀನು ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತೇನೆ, ಆದರೆ ನಿನ್ನ ಜೀವಕ್ಕೆ, ಮೈಗೆ ಅಪಾಯ ಎನಿಸಿದರೆ, ನೀನು ಮನೆ ಬಿಟ್ಟು ಹೋಗುವ ಮಾತಾಡಿದರೆ, ದೊಡ್ಡವರೊಬ್ಬರಿಗೆ ಹೇಳುತ್ತೇನೆ. ಕದ್ದು ಹೇಳುವುದಿಲ್ಲ, ನಿನಗೆ ತಿಳಿಸಿಯೇ ಹೇಳುತ್ತೇನೆ. ಮತ್ತು ಕೇಳಿದ್ದನ್ನು ಕೇಳಿದವನು ಒಬ್ಬನೇ ಹೊತ್ತುಕೊಳ್ಳಬಾರದು. ಅವನ ಮಾತು ಕೇಳಲು ಒಬ್ಬ ಶಿಕ್ಷಕರು ಯಾವಾಗಲೂ ಇರಬೇಕು.

ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಒಮ್ಮೆ ಆದದ್ದು ಸಾಲದೇ ಎಂದರು ಯಾರೋ. ಆಗ ಹೆಂಗಸರ ಕಡೆಯಿಂದ ಮಹಾಂತೇಶನ ಅವ್ವ ಎದ್ದಳು.

"ನನ್ನ ಮಗಳು ಈ ವರ್ಷ ಎಂಟನೇತ್ತಿಗೆ ಬಂದಾಳ," ಎಂದಳು. "ಅಕಿನ್ನ ಇದರಾಗ ಹಾಕೋರಿ ಸರ್."

ಅಷ್ಟು ಹೇಳಿ ಸೆರಗು ಹೊದ್ದು ಕೂತಳು. ಅದಾದ ಮೇಲೆ ಸಂಸ್ಥೆಯವರು ಅಪ್ಪಣೆ ಕೊಟ್ಟರು.

ಉಳಿದ ವರ್ಷಗಳಲ್ಲಿ ಸರ್ ಮಾಡಿದ್ದು ತಮ್ಮನ್ನು ತಾವೇ ಬೇಡದವರನ್ನಾಗಿ ಮಾಡಿಕೊಳ್ಳುವ ಕೆಲಸ. ಒಂಬತ್ತನೆಯವರು ಎಂಟನೆಯವರಿಗೆ ಕಲಿಸಬೇಕು ಎಂದು ಮಾಡಿದರು. ಶನಿವಾರದ ಕೂಟಕ್ಕೆ ಬೇಕೆಂದೇ ತಡವಾಗಿ ಬರತೊಡಗಿದರು. ಒಮ್ಮೆ ಬರಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ನನ್ನೆದುರು ಕೂತು ಚಹಾ ಆರಲು ಬಿಟ್ಟು, ಕಿಟಕಿಯಿಂದ ಬೇವಿನ ಗಿಡದ ಕಡೆ ಇಣುಕಿ ಇಣುಕಿ ನೋಡುತ್ತಿದ್ದರು. ಹೋಗ್ರಿ ಸರ್ ಎಂದೆ. ಬ್ಯಾಡ, ನಾ ಹೋದ್ರ ನನ್ನ ಮಾರಿ ನೋಡ್ತಾವ ಎಂದರು. ಶಿಕ್ಷಕರೊಬ್ಬರು ಇರಬೇಕೆಂಬ ಜಾಗಕ್ಕೆ ನನ್ನನ್ನು ಕೇಳಿದಾಗ ನಾನು ಒಲ್ಲೆ ಎಂದೆ. ಸ್ವಂತ ಮಗ ನನ್ನನ್ನು ದಾಟಿ ಹೋಗಿದ್ದಾನೆ, ಇನ್ನೊಬ್ಬರ ಮಕ್ಕಳು ನನ್ನ ಹತ್ತಿರ ಏಕೆ ಬರುತ್ತಾರೆ ಎಂದೆ. ಅದು ನಿಮಗೆ ಇನ್ನೂ ಚುಚ್ಚುತ್ತದೆ, ಅದಕ್ಕೇ ನೀವೇ ಆಗಬೇಕು ಎಂದರು. ಒಪ್ಪಿದೆ. ಆದರೆ ಪ್ರತಿ ವರ್ಷ ಜೂನಿನಲ್ಲಿ ವಿನಾಯಕ ಜಮಖಂಡಿಯಿಂದ ಬಂದು ಹೊಸ ಜೋಡಿದಾರರ ಮುಂದೆ ಹೊಳೆಯ ದಿನದ ಸಂಗತಿ ಹೇಳುವಾಗ ನಾನು ಅಲ್ಲಿ ಕೂರುವುದಿಲ್ಲ. ಅವನು ಅದನ್ನು ಸುಮ್ಮನೆ, ಹೆದರದೆ ಹೇಳುತ್ತಾನಂತೆ. ನನಗೆ ಇನ್ನೂ ಆಗುವುದಿಲ್ಲ.

ಸರ್ ನಿವೃತ್ತರಾಗಿ ಹಳ್ಳಿಗೆ ಹೋದ ಮೇಲೂ ಶನಿವಾರದ ಕೂಟ ನಿಲ್ಲಲಿಲ್ಲ. ಆಗಾಗ ನಾನು ಫೋನು ಮಾಡಿದರೆ ತಮ್ಮ ಆರೋಗ್ಯದ ಮಾತು ತೆಗೆಯುತ್ತಿರಲಿಲ್ಲ. ನಡೆದೈತಿಲ್ರಿ ಎನ್ನುತ್ತಿದ್ದರು. ನಡೆದಿದೆ ಎಂದರೆ ಫೋನಿಟ್ಟುಬಿಡುತ್ತಿದ್ದರು.

ಅವರು ತೀರಿಕೊಂಡ ಮುಂದಿನ ವಾರ ಸಾಲಿಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಪೆಂಡಾಲು, ಮೈಕು, ಹಾರ ಹಾಕಿದ ಫೋಟೊ. ಜಮಖಂಡಿ, ಮುಧೋಳದಿಂದಲೂ ಜನ ಬಂದಿದ್ದರು. ನಾನೂ ಮಾತಾಡಬೇಕಿತ್ತು. ಏನು ಹೇಳಲಿ ಎಂದು ಯೋಚಿಸುತ್ತ ಕೊನೆಯ ಸಾಲಿನಲ್ಲಿ ಕೂತಿದ್ದೆ. ಅವರ ದೊಡ್ಡತನ ಹೇಳಬೇಕೆಂದರೆ ನನ್ನ ಮುಖ ತಗ್ಗಿಸಿದ ದಿನವನ್ನು ಹೇಳಬೇಕು. ಅದನ್ನು ಹೇಳದೆ ಹೇಳಿದರೆ ಸುಳ್ಳಾಗುತ್ತದೆ.

ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಗ್ಗಿ ಬಗ್ಗಿ ನಡೆದು ನನ್ನ ಕುರ್ಚಿಯ ಹತ್ತಿರ ಬಂದಳು. ಅವಳ ಹಿಂದೆ, ನಾಲ್ಕು ಹೆಜ್ಜೆ ದೂರ, ಇನ್ನೊಬ್ಬ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

"ಅಕ್ಕಾರ, ಒಂದ ಮಾತ ಹೇಳೂದೈತ್ರಿ," ಎಂದಳು. "ನಂದಲ್ರಿ, ಅಕಿದು. ನಿಮಗ ಹೇಳತೀನಂತ ಅಕಿಗೆ ಮದಲ ಹೇಳೇನಿ. ಸಭಾ ಮುಗಿಯೂತನಕ ತಡಿಯೂದಿಲ್ಲ ಅನಸತೈತ್ರಿ."

ನಾನು ಎದ್ದು ಅವರಿಬ್ಬರನ್ನೂ ಕರೆದುಕೊಂಡು ಪೆಂಡಾಲಿನಿಂದ ಹೊರಗೆ, ನೀರಿನ ಟಾಕಿಯ ನೆರಳಿಗೆ ಹೋದೆ. ಹಿಂದೆ ನಿಂತಿದ್ದ ಹುಡುಗಿಯ ಪಕ್ಕದಲ್ಲಿ ಕೂತೆ. ಅವಳು ಮಾತು ಶುರು ಮಾಡಿದಳು. ಮೈಕಿನಲ್ಲಿ ನನ್ನ ಹೆಸರು ಕೂಗುವುದು ಕೇಳಿಸಿತು. ಮತ್ತೊಮ್ಮೆ ಕೂಗಿದರು. ಹುಡುಗಿ ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು.

ನೀ ಹೇಳು ಎಂದೆ.